ಸ್ಕ್ರೂ ತಿರುಗಿಸುವ ಮುನ್ನ

ಅರಕಲಗೂಡಿನಂಥ ಊರಿನಲ್ಲಿ ವಾಚ್ ರಿಪೇರಿಗೆ ಕೂತವನ ಮೇಜಿಗೆ ದಿನವೂ ಬರುವುದು ಸೆಲ್ ಮುಗಿದ ವಾಚು, ಪಿನ್ನು ಬಿದ್ದುಹೋದ ಬೆಲ್ಟು, ನಿಂತ ಗೋಡೆ ಗಡಿಯಾರ. ನಡುನಡುವೆ ಎಚ್‌ಎಂಟಿಗಳು ಬರುತ್ತವೆ: ಮದುವೆಯಲ್ಲಿ ಮಾವನ ಮನೆಯವರು ಕೊಟ್ಟ ಜನತಾ, ಮೊದಲ ಸಂಬಳದಲ್ಲಿ ಕೊಂಡ ಪೈಲಟ್. ಅಪರೂಪಕ್ಕೆ ಯಾರಾದರೂ ಕರ್ಚೀಫಿನಲ್ಲಿ ಸುತ್ತಿ ಕ್ರೋನೋಗ್ರಾಫ್ ತರುತ್ತಾರೆ. ಕೀಯ ಎರಡು ಪಕ್ಕದಲ್ಲಿ ಗುಂಡಿ, ಡಯಲ್ ಒಳಗೆ ಸಣ್ಣ ಡಯಲ್, ಬೇಕೆಂದಾಗ ಓಡಿಸಿ ನಿಲ್ಲಿಸಬಹುದಾದ ಸ್ಟಾಪ್‌ವಾಚ್ ಒಳಗೇ ಇರುವ, ಸೆಲ್ ಬೇಡದ ವಾಚು. ಕೊಣನೂರಿನ ಆಚೆ ಕೊಡಗು. ಸೈನ್ಯದಿಂದ ಬಂದವರು, ಗಲ್ಫಿಗೆ ಹೋಗಿಬಂದವರು, ತೋಟದ ಸಾಹುಕಾರರು ಒಂದು ಕಾಲದಲ್ಲಿ ಇವನ್ನು ಕಟ್ಟುತ್ತಿದ್ದರು. ಈಗ ತರುವವರು ಅವರ ಮಕ್ಕಳು, ಮೊಮ್ಮಕ್ಕಳು.

ಈ ವಾಚುಗಳ ಜೊತೆ ಕೆಲಸ ಮಾಡಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಹೊಸದಾಗಿ ಕೆಲಸ ಕಲಿಯುವ ಹುಡುಗರನ್ನೂ, ಮನೆಯಲ್ಲಿ ಹಳೆಯ ವಾಚು ಇಟ್ಟುಕೊಂಡವರನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಬರೆದದ್ದು.

1. ಮೊದಲು ಎಚ್‌ಎಂಟಿ ಕೈಗೆ ಹತ್ತಬೇಕು

ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ತೆರೆದದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. 1978ರಲ್ಲಿ ತುಮಕೂರಿನಲ್ಲಿ ಇನ್ನೊಂದು ಕಾರ್ಖಾನೆ ಬಂತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಆದರೆ ಅಷ್ಟು ವರ್ಷಗಳಲ್ಲಿ ಮನೆಮನೆಗೆ ಸೇರಿದ ವಾಚುಗಳು ಎಲ್ಲೂ ಹೋಗಿಲ್ಲ. ನಮ್ಮ ಕಡೆ ಈ ಕಸುಬು ಕಲಿತವರೆಲ್ಲ ಅವುಗಳ ಮೇಲೆಯೇ ಕೈ ಪಳಗಿಸಿಕೊಂಡವರು.

ಜನತಾ, ಪೈಲಟ್, ಸೋನಾದಂಥ ಮಾದರಿಗಳಲ್ಲಿ ಸ್ಟಾಪ್‌ವಾಚ್ ಭಾಗ ಇಲ್ಲ. ಆದರೆ ಕೀ ಕೊಡುವ ಹಳೆಯ ಕ್ರೋನೋಗ್ರಾಫುಗಳಲ್ಲಿ ಹೆಚ್ಚಿನವುಗಳ ಅಡಿಯಲ್ಲಿ ಇರುವುದು ಇಂಥದೇ ಮೆಷಿನ್: 17 ಕಲ್ಲು, ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ 5. ಕ್ರೋನೋಗ್ರಾಫಿನ ಉದ್ದ ಸೆಕೆಂಡು ಮುಳ್ಳು ಸೆಕೆಂಡಿನ ಐದನೇ ಒಂದು ಭಾಗದ ಹೆಜ್ಜೆ ಇಡುವುದು ಇದರಿಂದಲೇ. ಎಚ್‌ಎಂಟಿಯ ಬ್ಯಾಲೆನ್ಸನ್ನು (ತೂಗಾಡುವ ಚಕ್ರ) ಹೇರ್‌ಸ್ಪ್ರಿಂಗ್ ಸುಕ್ಕಾಗದಂತೆ ತೆಗೆದು ಕೂರಿಸಲು ಬರದವರು ಕ್ರೋನೋಗ್ರಾಫ್ ಬಿಚ್ಚಬಾರದು. ಎಚ್‌ಎಂಟಿಯಲ್ಲಿ ಕೈ ತಪ್ಪಿದರೆ ಬದಲಿಗೆ ಇನ್ನೊಂದು ಹಳೆಯ ಮೆಷಿನ್ ಸಿಗುತ್ತದೆ. ಕ್ರೋನೋಗ್ರಾಫಿಗೆ ಸಿಗುವುದಿಲ್ಲ.

2. ಯಾವ ಮೆಷಿನ್ ಎಂದು ತಿಳಿಯದೆ ಗುಂಡಿ ಒತ್ತಬೇಡಿ

"ಮ್ಯಾಲಿನ್ ಗುಂಡಿ ಒತ್ತುದ್ರೆ ಓಡ್ತದೆ ಕಣಣ್ಣ, ತಿರ್ಗ ಒತ್ತುದ್ರೆ ನಿಲ್ಲಾಕಿಲ್ಲ. ಎಲ್ರೂ ಕೆಟ್ಟೋಗದೆ ಅಂತಾರೆ," ಎಂದು ಒಬ್ಬ ಹಿರಿಯರು ಚಿನ್ನದ ಲೇಪನದ ಸ್ವಿಸ್ ಕ್ರೋನೋಗ್ರಾಫ್ ಮುಂದಿಟ್ಟರು.

"ಕೆಳುಗ್ಲುದ್ನ ಒಂದ್ಸಲ ಒತ್ತಿ ಯಜಮಾನ್ರೆ."

ಒತ್ತಿದರು, ಮುಳ್ಳು ನಿಂತಿತು. ಇನ್ನೊಮ್ಮೆ ಒತ್ತಿದರು, ಸೊನ್ನೆಗೆ ಬಂತು. ವಾಚಿನಲ್ಲಿ ಕೆಟ್ಟಿದ್ದು ಏನೂ ಇರಲಿಲ್ಲ. ಅದು 1937ರಲ್ಲಿ ಬಂದ ಲ್ಯಾಂಡೆರಾನ್ 48. ಅದರಲ್ಲಿ ಮೇಲಿನ ಗುಂಡಿ ಓಡಿಸುವುದಕ್ಕೆ ಮಾತ್ರ. ನಿಲ್ಲಿಸುವುದು, ಸೊನ್ನೆಗೆ ತರುವುದು ಎರಡೂ ಕೆಳಗಿನ ಗುಂಡಿಯ ಕೆಲಸ. ಆಮೇಲೆ ಬಂದ ವಾಲ್ಜೂ 7733ರಂಥವುಗಳಲ್ಲಿ ಮೇಲಿನದೇ ಓಡಿಸುತ್ತದೆ, ಅದೇ ನಿಲ್ಲಿಸುತ್ತದೆ, ಕೆಳಗಿನದು ಸೊನ್ನೆಗೆ ತರುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದವರು ಲ್ಯಾಂಡೆರಾನಿನ ಲಿವರನ್ನು ಅರದಿಂದ ತಿಕ್ಕಿ, ಸ್ಪ್ರಿಂಗ್ ಬಗ್ಗಿಸಿ, ಚೆನ್ನಾಗಿದ್ದದ್ದನ್ನು "ಸರಿ" ಮಾಡಲು ಹೋದದ್ದನ್ನು ಕಂಡಿದ್ದೇನೆ.

ಸೀಕೋ 6139 ಇನ್ನೊಂದು ಬಗೆ. ಗಲ್ಫಿನಿಂದ ಬಂದವರ ಪೆಟ್ಟಿಗೆಗಳಲ್ಲಿ ಇದು ಸಿಗುತ್ತದೆ. ಬಂದದ್ದು 1969ರಲ್ಲಿ. ಆಟೋಮ್ಯಾಟಿಕ್ ಕ್ರೋನೋಗ್ರಾಫ್ ಮೊದಲು ತರುವ ಪೈಪೋಟಿ ನಡೆದ ವರ್ಷ ಅದು. ಝೆನಿತ್‌ನ ಎಲ್ ಪ್ರಿಮೆರೋ, ಹಾಯರ್ ಮತ್ತು ಬ್ರೈಟ್ಲಿಂಗ್ ಜೊತೆಗೂಡಿ ಮಾಡಿಸಿದ ಕ್ಯಾಲಿಬರ್ 11, ಸೀಕೋದ ಇದು, ಮೂರೂ ಆಗಲೇ ಬಂದವು. ಅಮೆರಿಕದ ಗಗನಯಾತ್ರಿ ವಿಲಿಯಂ ಪೋಗ್ 1973ರಲ್ಲಿ ಸ್ಕೈಲ್ಯಾಬಿಗೆ ಕಟ್ಟಿಕೊಂಡು ಹೋದದ್ದೂ ಒಂದು 6139. ಈ ವಾಚಿಗೆ ಕೈಯಿಂದ ಕೀ ಕೊಡಲು ಆಗುವುದಿಲ್ಲ. ಪೋಗ್ ಕಟ್ಟಿದ್ದಂಥ ಮಾದರಿಗಳಲ್ಲಿ ಕೀ ತಿರುಗಿಸಿದರೆ ಡಯಲ್ ಸುತ್ತಲಿನ ಒಳಬಳೆ ತಿರುಗುತ್ತದೆ. ಎಚ್‌ಎಂಟಿ ಅಭ್ಯಾಸದವರು ಬೆಳಿಗ್ಗೆ ಎದ್ದು "ಕೀ ಕೊಟ್ಟು" ಆ ಬಳೆಯ ಹಲ್ಲು ಸವೆಸಿಬಿಟ್ಟಿರುತ್ತಾರೆ. ವಾರ, ತಾರೀಖು ಬದಲಿಸಲು ಕೀ ಎಳೆಯಬಾರದು, ಒಳಗೆ ಒತ್ತಬೇಕು. ಅರ್ಧ ರಾತ್ರಿಯ ಆಸುಪಾಸಿನಲ್ಲಿ ಅದನ್ನೂ ಮಾಡಬಾರದು, ಆ ಹೊತ್ತಿಗೆ ತಾರೀಖಿನ ಹಲ್ಲು ತಾನಾಗಿಯೇ ಚಕ್ರಕ್ಕೆ ಸಿಕ್ಕಿಕೊಂಡಿರುತ್ತದೆ.

ಎಲ್ಲ ಬಗೆಗೂ ಸಾಮಾನ್ಯವಾದ ಮಾತು ಒಂದು. ಮುಳ್ಳು ಓಡುತ್ತಿರುವಾಗ ಸೊನ್ನೆಗೆ ತರಲು ಹೋಗಬೇಡಿ, ಮೊದಲು ನಿಲ್ಲಿಸಿ. ಗುಂಡಿ ಗಟ್ಟಿ ಅನ್ನಿಸಿದರೆ ಅಲ್ಲಿಗೇ ಕೈ ಬಿಡಿ.

3. ಹಿಂದೆ ಕೈ ಹಾಕಿದವರ ಗುರುತು ಓದಿ

ಹಿಂದಿನ ಮುಚ್ಚಳ ತೆಗೆದ ತಕ್ಷಣ ಟ್ವೀಸರ್ ಹಿಡಿಯಬಾರದು. ಐಗ್ಲಾಸ್ ಹಾಕಿಕೊಂಡು ಸುಮ್ಮನೆ ನೋಡಬೇಕು. ಮುಚ್ಚಳದ ಒಳಗೆ ಹಳೆಯ ರಿಪೇರಿಯವರು ಸೂಜಿಯಿಂದ ಕೆತ್ತಿದ ತಾರೀಖು, ಗುರುತು ಇರುತ್ತವೆ. ಯಾವ ಕಾಲದಿಂದ ಸರ್ವಿಸ್ ಆಗಿಲ್ಲ ಎಂದು ಅಲ್ಲೇ ಅಂದಾಜು ಸಿಗುತ್ತದೆ. ನಾನು ಮುಚ್ಚಳದ ಮೇಲೆ ಕೆತ್ತುವುದಿಲ್ಲ, ಪುಸ್ತಕದಲ್ಲಿ ಬರೆದಿಟ್ಟು ಗಿರಾಕಿಗೂ ಒಂದು ಚೀಟಿ ಕೊಡುತ್ತೇನೆ.

ಮುಖ್ಯವಾಗಿ ನೋಡಬೇಕಾದದ್ದು ಸ್ಕ್ರೂ ತಲೆಗಳನ್ನು. ಕ್ರೋನೋಗ್ರಾಫಿನಲ್ಲಿ ಎರಡು ಜಾತಿಯ ಸ್ಕ್ರೂ ಇವೆ. ಒಂದು, ಬಿಗಿಯುವ ಮಾಮೂಲಿ ಸ್ಕ್ರೂ. ಇನ್ನೊಂದು ಎಕ್ಸೆಂಟ್ರಿಕ್. ಇದರ ತಲೆಯೂ ಹಾಗೇ ಕಾಣುತ್ತದೆ, ಆದರೆ ಇದು ನಡುವಿನಿಂದ ಒಂದು ಪಕ್ಕಕ್ಕೆ ಸರಿದು ಕೂತಿರುತ್ತದೆ. ತಿರುಗಿಸಿದರೆ ಬಿಗಿಯುವುದೂ ಇಲ್ಲ, ಸಡಿಲವಾಗುವುದೂ ಇಲ್ಲ. ಅದಕ್ಕೆ ಒರಗಿ ನಿಂತ ಲಿವರ್ ಕೂದಲೆಳೆಯಷ್ಟು ಆಚೆಗೋ ಈಚೆಗೋ ಜರುಗುತ್ತದೆ. ಚಕ್ರದ ಹಲ್ಲು ಇನ್ನೊಂದು ಚಕ್ರದ ಹಲ್ಲಿನೊಳಗೆ ಎಷ್ಟು ಆಳ ಇಳಿಯಬೇಕು ಎಂಬುದನ್ನು ಕಾರ್ಖಾನೆಯವರು ಈ ಸ್ಕ್ರೂಗಳಿಂದಲೇ ಕೂರಿಸಿ ಕಳಿಸಿರುತ್ತಾರೆ.

ಯಾಕೆ ಅಷ್ಟು ಸೂಕ್ಷ್ಮ ಎಂದರೆ, ಹಳೆಯ ಕ್ರೋನೋಗ್ರಾಫಿನ ಕೆಲಸ ಹೀಗೆ: ಮಾಮೂಲಿ ಸೆಕೆಂಡು ಮುಳ್ಳಿನ ಚಕ್ರದ ಮೇಲೆ ಒಂದು ಹಲ್ಲಿನ ಚಕ್ರ ಯಾವಾಗಲೂ ತಿರುಗುತ್ತಿರುತ್ತದೆ. ಪಕ್ಕದಲ್ಲಿ ಲಿವರ್ ಮೇಲೆ ಕೂತ ಸಣ್ಣ ಚಕ್ರವೊಂದು ಅದರ ಜೊತೆ ತಿರುಗುತ್ತಿರುತ್ತದೆ. ಗುಂಡಿ ಒತ್ತಿದಾಗ ಲಿವರ್ ಜರುಗಿ ಆ ಚಕ್ರ ಹೋಗಿ ನಡುವಿನ ದೊಡ್ಡ ಚಕ್ರಕ್ಕೆ ತಗಲುತ್ತದೆ, ಉದ್ದ ಮುಳ್ಳು ಓಡತೊಡಗುತ್ತದೆ. ನಡುಚಕ್ರದ ಹಲ್ಲುಗಳು ಎಷ್ಟು ಸಣ್ಣವೆಂದರೆ ಐಗ್ಲಾಸ್ ಇಲ್ಲದೆ ಅಂಚು ನುಣ್ಣಗೆ ಇರುವಂತೆ ಕಾಣುತ್ತದೆ. ಹಲ್ಲು ತೀರ ಆಳಕ್ಕೆ ಇಳಿದರೆ ವಾಚಿನ ಶಕ್ತಿ ತಿಂದು ಓಟ ನಿಲ್ಲುತ್ತದೆ. ತುದಿಯಲ್ಲಷ್ಟೇ ತಗುಲಿದರೆ ಮುಳ್ಳು ಜಾರುತ್ತದೆ.

ಇಲ್ಲಿ ನನ್ನ ಖಚಿತ ಅಭಿಪ್ರಾಯ ಹೇಳುತ್ತೇನೆ. "ಅಡ್ಜಸ್ಟ್‌ಮೆಂಟ್ ತಪ್ಪಿದೆ" ಎಂದು ಬರುವ ಕ್ರೋನೋಗ್ರಾಫುಗಳಲ್ಲಿ ಬಹುಪಾಲಿನವುಗಳ ತೊಂದರೆ ಕೊಳೆ, ಒಣಗಿದ ಎಣ್ಣೆ. ಗಟ್ಟಿಯಾದ ಎಣ್ಣೆಯಿಂದ ಲಿವರ್ ಪೂರ್ತಿ ಜರುಗುತ್ತಿರುವುದಿಲ್ಲ, ಹಲ್ಲು ಸರಿಯಾಗಿ ಸೇರುತ್ತಿರುವುದಿಲ್ಲ. ಅದನ್ನು ನೋಡಿದವನು ಎಕ್ಸೆಂಟ್ರಿಕ್ ತಿರುಗಿಸುತ್ತಾನೆ. ವಾಚು ಓಡುತ್ತದೆ. ಮುಂದೆ ಯಾರೋ ಅದನ್ನು ತೊಳೆದಾಗ ಲಿವರ್ ಪೂರ್ತಿ ಜರುಗಿ ಹಲ್ಲು ಅತಿ ಆಳಕ್ಕೆ ಹೋಗಿ ವಾಚು ನಿಲ್ಲುತ್ತದೆ. ಆತ ಇನ್ನೊಂದು ಎಕ್ಸೆಂಟ್ರಿಕ್ ತಿರುಗಿಸುತ್ತಾನೆ. ಮೂರನೆಯವರ ಕೈಗೆ ಬರುವ ಹೊತ್ತಿಗೆ ಕಾರ್ಖಾನೆಯ ಒಂದು ಗುರುತೂ ಉಳಿದಿರುವುದಿಲ್ಲ.

ಹಾಗಾಗಿ ಕ್ರಮ ಇದು. ಎಕ್ಸೆಂಟ್ರಿಕ್ ತಲೆಯ ಗೀರು ಹೊಳೆಯುತ್ತಿದೆಯೇ, ಅಂಚು ಕಿತ್ತಿದೆಯೇ ನೋಡಿ. ಮುಟ್ಟಿಲ್ಲದಿದ್ದರೆ ದೇವರು ದೊಡ್ಡವನು, ನೀವೂ ಮುಟ್ಟಬೇಡಿ. ಪ್ರತಿಯೊಂದರ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ಗೀರು ಯಾವ ದಿಕ್ಕಿಗಿದೆ ಎಂದು ಕಾಣುವಂತೆ. ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಜೋಡಿಸಿ, ಓಡಿಸಿ. ಆಮೇಲೂ ತೊಂದರೆ ಉಳಿದರೆ ಮಾತ್ರ ಎಕ್ಸೆಂಟ್ರಿಕ್ ಕಡೆ ನೋಡಿ. ಒಂದು ಸಲಕ್ಕೆ ಒಂದೇ ಸ್ಕ್ರೂ, ಅದೂ ಕಣ್ಣಿಗೆ ಕಾಣುವಷ್ಟೇ.

ಗುಂಡಿ ಒತ್ತಿದ ಕೂಡಲೇ ಮುಳ್ಳು ಸ್ವಲ್ಪ ಹಾರಿ ಓಡತೊಡಗುವುದು ಈ ಜಾತಿಯ ವಾಚುಗಳಲ್ಲಿ ದೋಷ ಅಲ್ಲ. ಹಲ್ಲಿನ ತುದಿಗೆ ತುದಿ ಸಿಕ್ಕರೆ ಹಾಗಾಗುತ್ತದೆ. ಅದನ್ನು ಸರಿಪಡಿಸಲು ಹೋಗಬೇಡಿ.

4. ಕೀ ಇಳಿಸಿ

ಬಿಚ್ಚುವ ಮುನ್ನ ಮೇನ್ ಸ್ಪ್ರಿಂಗಿನ ಬಿಗಿ ಪೂರ್ತಿ ಇಳಿಸಬೇಕು. ಕೀಯನ್ನು ಎರಡು ಬೆರಳಲ್ಲಿ ಹಿಡಿದು, ಸ್ಪ್ರಿಂಗಿನ ಬಿಗಿ ಹಿಡಿದಿಡುವ ಕ್ಲಿಕ್ಕನ್ನು ಹಿಂದೆ ತಳ್ಳಿ, ನಿಧಾನ ಬಿಡಬೇಕು. ಬಿಗಿ ಇರುವಾಗಲೇ ಚಕ್ರಗಳನ್ನು ತಡೆದು ಬಿಡುವ ಪ್ಯಾಲೆಟ್ ಎತ್ತಿದರೆ ಚಕ್ರಗಳೆಲ್ಲ ಒಮ್ಮೆಲೇ ಬಿಚ್ಚಿಕೊಂಡು ಪಿವಟ್, ಅಂದರೆ ಚಕ್ರದ ದಂಡದ ತೆಳು ತುದಿ, ಮುರಿಯುತ್ತದೆ.

5. ಮುಳ್ಳು ತೆಗೆಯುವುದು, ಕೂರಿಸುವುದು

ಎಚ್‌ಎಂಟಿಯ ಮುಳ್ಳನ್ನು ಕೆಲವರು ಬ್ಲೇಡಿನಿಂದ ಎತ್ತುತ್ತಾರೆ. ಕ್ರೋನೋಗ್ರಾಫಿನಲ್ಲಿ ಅದು ಆಗದ ಮಾತು. ಉದ್ದ ಸೆಕೆಂಡು ಮುಳ್ಳು ಬಹಳ ಬಿಗಿಯಾಗಿ ಕೂತಿರುತ್ತದೆ, ಯಾಕೆಂದರೆ ಸೊನ್ನೆಗೆ ಬರುವಾಗ ಸುತ್ತಿಗೆ ಬಡಿದು ನಿಲ್ಲಿಸುವುದು ಅದನ್ನೇ. ನಡುಚಕ್ರದ ಮೇಲೆ ಹೃದಯದ ಆಕಾರದ ತುಂಡೊಂದಿದೆ. ಸುತ್ತಿಗೆ ಎಲ್ಲಿ ಬಡಿದರೂ ಆ ಆಕಾರ ಜಾರಿ ಒಂದೇ ಕಡೆಗೆ ಬಂದು ನಿಲ್ಲುತ್ತದೆ. ಆ ಪೆಟ್ಟಿಗೆ ಮುಳ್ಳು ಜಾರಬಾರದು.

ತೆಗೆಯುವಾಗ ಡಯಲ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು, ಎರಡು ಕಡೆಯಿಂದ ಸಮನಾಗಿ ಎತ್ತುವ ಸಾಧನ ಬಳಸಿ. ನಿಮಿಷ ಎಣಿಸುವ ಸಣ್ಣ ಮುಳ್ಳಿನ ಕಂಬ ಸೂಜಿಗಿಂತ ತೆಳು, ಓರೆಯಾಗಿ ಎಳೆದರೆ ಮುರಿಯುತ್ತದೆ. ಕೂರಿಸುವಾಗ ಮೊದಲು ಸೊನ್ನೆ ಗುಂಡಿ ಒತ್ತಿ ಸುತ್ತಿಗೆ ಹೃದಯದ ಮೇಲೆ ಕೂತಿದೆ ಎಂದು ಖಾತ್ರಿ ಮಾಡಿಕೊಳ್ಳಿ. ಮೆಷಿನ್ನಿನ ಹಿಂಬದಿಯಲ್ಲಿ ನಡುಚಕ್ರದ ಕಲ್ಲಿಗೆ ಆಸರೆ ಕೊಟ್ಟು, ಆಮೇಲೆ ಮುಳ್ಳು ಒತ್ತಿ. ಆಸರೆ ಇಲ್ಲದೆ ಒತ್ತಿ ಕಲ್ಲು ಸೀಳಿಸಿದ ಮೆಷಿನ್ನುಗಳು ನನ್ನ ಡಬ್ಬಿಯಲ್ಲಿ ಬಿಡಿಭಾಗಕ್ಕೆಂದು ಬಿದ್ದಿವೆ.

6. ತೊಳೆಯುವುದು

ನಮ್ಮ ಕಡೆ ತೊಳೆಯುವುದು ಪೆಟ್ರೋಲಿನಲ್ಲಿ. ಶುದ್ಧವಾಗಿದ್ದರೆ ತಪ್ಪಿಲ್ಲ, ಬೆಂಕಿಯ ಎಚ್ಚರ ಇರಬೇಕು. ಆದರೆ ಪ್ಯಾಲೆಟ್ಟಿನ ಎರಡು ಕಲ್ಲುಗಳು, ಬ್ಯಾಲೆನ್ಸಿನ ಕಲ್ಲು ಅರಗಿನಿಂದ ಅಂಟಿಸಿದವು. ಸ್ಪಿರಿಟ್ಟಿನಲ್ಲಿ ನೆನೆಹಾಕಿದರೆ ಅರಗು ಕರಗಿ ಕಲ್ಲು ಸಡಿಲವಾಗುತ್ತದೆ. ಹೇರ್‌ಸ್ಪ್ರಿಂಗನ್ನು ಬ್ರಷ್ಷಿನಿಂದ ಉಜ್ಜಬೇಡಿ. ಪಿವಟ್ ತೂತುಗಳಿಗೆ ಮರದ ಕಡ್ಡಿಯ ಚೂಪು ತುದಿ ಹಾಕಿ ತಿರುಗಿಸಿ, ಕಡ್ಡಿ ಬಿಳಿಯಾಗೇ ಹೊರಬರುವ ತನಕ.

7. ಎಣ್ಣೆ

ಹೊಲಿಗೆ ಯಂತ್ರದ ಎಣ್ಣೆ, ಕೊಬ್ಬರಿ ಎಣ್ಣೆ ಹಾಕಿದ ಕ್ರೋನೋಗ್ರಾಫುಗಳು ಈಗಲೂ ಬರುತ್ತವೆ. ಮಾಗಿ ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದು ಮನೆಯಲ್ಲಿ ಎಲ್ಲರೂ ಕಂಡದ್ದು, ವಾಚಿನೊಳಗೂ ಅದು ಬೇರೆ ಏನು ಮಾಡೀತು?

ವೇಗವಾಗಿ ತಿರುಗುವ ಪಿವಟ್ಟುಗಳಿಗೆ, ಬ್ಯಾಲೆನ್ಸಿನ ಕಲ್ಲಿಗೆ ತೆಳು ಎಣ್ಣೆ, ಮೋಬಿಯಸ್ 9010. ನಿಧಾನದ, ಹೆಚ್ಚು ಒತ್ತಡದ ಜಾಗಗಳಿಗೆ ದಪ್ಪ ಎಣ್ಣೆ. ಪ್ಯಾಲೆಟ್ ಕಲ್ಲಿನ ಮುಖಕ್ಕೆ 9415. ಲಿವರುಗಳು ಉಜ್ಜುವ ಕಡೆ ಚೂರು ಗ್ರೀಸು. ಎಷ್ಟು ಎಂದರೆ ಎಲೆ ತುದಿಗೆ ಬಡಿಸುವ ಉಪ್ಪಿನ ಹಾಗೆ, ಇದೆ ಅನ್ನುವುದಕ್ಕೆ ಸಾಕು. ಹಾಕಬಾರದ ಜಾಗಗಳೇ ಮುಖ್ಯ: ಪ್ಯಾಲೆಟ್ಟಿನ ಪಿವಟ್ ಒಣಗಿರಬೇಕು, ಯಾವ ಚಕ್ರದ ಹಲ್ಲಿಗೂ ಎಣ್ಣೆ ತಗಲಬಾರದು. ನಡುಚಕ್ರದ ಸಣ್ಣ ಹಲ್ಲಿಗೆ ಎಣ್ಣೆ ಸೋಕಿದರೆ ಧೂಳು ಹಿಡಿದು ಮೊದಲಿನ ಕಾಯಿಲೆ ತಿರುಗಿ ಬರುತ್ತದೆ.

8. ಮಳೆ, ಬ್ಯಾರನ್, ಅಕ್ಕಿ ಡಬ್ಬ

ನಮ್ಮ ತಾಲ್ಲೂಕು ಅರೆಮಲೆನಾಡು. ಜೂನ್, ಜುಲೈನ ಜಡಿಮಳೆಯಲ್ಲಿ ಹಳೆಯ ಕ್ರೋನೋಗ್ರಾಫ್ ಕಟ್ಟಿಕೊಂಡು ಗದ್ದೆಗೆ ಹೋಗಬಾರದು. ಎರಡು ಗುಂಡಿಗಳ ತೂತು, ಕೀಯ ತೂತು, ಒಟ್ಟು ಮೂರು ಬಾಗಿಲು, ರಬ್ಬರ್ ಇದ್ದರೂ ಒಣಗಿ ಹೋಗಿರುತ್ತದೆ. ಮುಚ್ಚಳದ ಮೇಲೆ ವಾಟರ್‌ಪ್ರೂಫ್ ಎಂದು ಕೆತ್ತಿರುವುದು ಆ ವಾಚು ಹೊಸದಾಗಿದ್ದ ಕಾಲದ ಮಾತು.

ನೀರು ಹೋದರೆ ಅಕ್ಕಿ ಡಬ್ಬದಲ್ಲಿ ಹೂತಿಡುವ ಪದ್ಧತಿ ಮೊಬೈಲಿನಿಂದ ಬಂತು. ಅಕ್ಕಿಯ ಪುಡಿ ಒಳಗೆ ಸೇರುತ್ತದೆ ಹೊರತು ಬೇರೇನೂ ಪ್ರಯೋಜನ ಇಲ್ಲ. ಉಕ್ಕಿನ ಸ್ಪ್ರಿಂಗುಗಳಿಗೆ ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಯಬಹುದು. ಗಾಜಿನ ಒಳಗೆ ಮಂಜು ಕಂಡ ದಿನವೇ ತಂದು ಬಿಚ್ಚಿಸಿ.

ಹೊಗೆಸೊಪ್ಪು ಬೆಳೆಯುವವರಿಗೆ ಇನ್ನೊಂದು ಮಾತು. ಸೊಪ್ಪು ಬೇಯಿಸುವ ಬ್ಯಾರನ್ ಒಳಗೆ ಕೊನೆಯ ಹಂತದಲ್ಲಿ 70 ಡಿಗ್ರಿ ಹತ್ತಿರ ಶಾಖ ಇರುತ್ತದೆ. ವಾಚು ಕಟ್ಟಿಕೊಂಡು ಒಳಗೆ ಹೋಗಿಬಂದರೆ, ಬ್ಯಾರನ್ ಗೋಡೆಯ ಮೊಳೆಗೆ ತೂಗುಹಾಕಿದರೆ, ಎಣ್ಣೆ ತೆಳ್ಳಗಾಗಿ ಇರಬೇಕಾದ ಜಾಗ ಬಿಟ್ಟು ಹರಡುತ್ತದೆ. ರಾಮನಾಥಪುರದ ಕಡೆಯಿಂದ ಬರುವ ವಾಚುಗಳಲ್ಲಿ ಪಿವಟ್ ಒಣಗಿ ಅದರ ಸುತ್ತಲಿನ ಪ್ಲೇಟ್ ಎಣ್ಣೆಯಿಂದ ಹೊಳೆಯುವುದನ್ನು ನೋಡಿದರೆ, ಯಾವ ಮನೆಯ ವಾಚೆಂದು ಕೇಳಬೇಕಿಲ್ಲ.

9. ಡಯಲ್ ಮುಟ್ಟಬೇಡಿ

ಹೊಸ ಬಣ್ಣ ಬಳಿದು ಅಕ್ಷರ ಅಚ್ಚು ಹಾಕಿದ ಡಯಲ್ ಎಷ್ಟು ಮಿಂಚಿದರೂ ನನಗೆ ನೋವಾಗುತ್ತದೆ. ಹಳದಿ ತಿರುಗಿದ, ಅಂಚಿನಲ್ಲಿ ಕಲೆ ಬಿದ್ದ ಮೂಲ ಡಯಲ್ ಆ ಮನೆಯವರ ತಾತ ನೋಡಿದ ಡಯಲ್. ಅದನ್ನು ಅಳಿಸಿದ ಮೇಲೆ ವಾಪಸು ತರಲು ಯಾರಿಂದಲೂ ಆಗುವುದಿಲ್ಲ. ಮುಂದೆ ಮಾರುವವರಿಗೂ ನಷ್ಟ.

ಆರೋಗ್ಯದ ಕಾರಣವೂ ಇದೆ. 1960ರ ದಶಕಕ್ಕಿಂತ ಹಳೆಯ ವಾಚುಗಳಲ್ಲಿ ಕತ್ತಲಲ್ಲಿ ಹೊಳೆಯಲು ರೇಡಿಯಂ ಹಚ್ಚುತ್ತಿದ್ದರು. ಹೊಳಪು ನಿಂತಿರುತ್ತದೆ, ವಿಕಿರಣ ನಿಂತಿರುವುದಿಲ್ಲ: ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಆ ಪುಡಿ ಕೆರೆಯಬೇಡಿ, ಬಾಯಿಂದ ಊದಬೇಡಿ. ಉದುರುತ್ತಿದ್ದರೆ ನಾನು ಗಾಜು ತೆಗೆಯದೆ ವಾಪಸು ಕೊಡುತ್ತೇನೆ. ಡಯಲಿನ ಕೆಳಗೆ ಸ್ವಿಸ್ ಎಂಬ ಅಕ್ಷರಗಳ ಎರಡು ಪಕ್ಕ ಟೀ ಅಕ್ಷರ ಇದ್ದರೆ ಅದು ಟ್ರೀಷಿಯಂ. ಅದು 12 ವರ್ಷ ಚಿಲ್ಲರೆಯಲ್ಲಿ ಅರ್ಧವಾಗುತ್ತದೆ, ಅಷ್ಟು ಭಯವಿಲ್ಲ.

10. ಓಡಿಸಿ ನೋಡದೆ ಕೊಡಬೇಡಿ

ಎಚ್‌ಎಂಟಿಯನ್ನು ಕಿವಿಗೆ ಹಿಡಿದು ಹೇಳುವವರಿದ್ದಾರೆ. ಕ್ರೋನೋಗ್ರಾಫಿಗೆ ಬಡಿತ ಅಳೆಯುವ ಟೈಮ್‌ಗ್ರಾಫರ್ ಬೇಕು, ಈಗ ಸಣ್ಣ ಅಂಗಡಿಯವರಿಗೂ ಕೈಗೆಟುಕುವ ಬೆಲೆಗೆ ಸಿಗುತ್ತದೆ. ಪೂರ್ತಿ ಕೀ ಕೊಟ್ಟು, ಡಯಲ್ ಮೇಲಾಗಿ ಮಲಗಿಸಿ, ಮೊದಲು ಸ್ಟಾಪ್‌ವಾಚ್ ನಿಲ್ಲಿಸಿಯೇ ನೋಡಿ. ಬ್ಯಾಲೆನ್ಸಿನ ತೂಗಾಟ 270 ಡಿಗ್ರಿ ದಾಟಿದರೆ ಸಂತೋಷ, ಹಳೆಯ ಮೆಷಿನ್ನಿಗೆ 250 ಸಾಕು. ಆಮೇಲೆ ಓಡಿಸಿ ನೋಡಿ. 20–30 ಡಿಗ್ರಿ ಇಳಿಯುವುದು ಸಹಜ. 50ರಷ್ಟು ಇಳಿದರೆ ಎಲ್ಲೋ ಉಜ್ಜುತ್ತಿದೆ: ಹಲ್ಲು ಆಳಕ್ಕೆ ಹೋಗಿರಬಹುದು, ಅಥವಾ ನಡುಚಕ್ರವನ್ನು ಮೆಲ್ಲಗೆ ಅದುಮಿ ಹಿಡಿಯುವ ತೆಳು ಸ್ಪ್ರಿಂಗ್ ಬಿಗಿಯಾಗಿರಬಹುದು. ಅದೇ ಸ್ಪ್ರಿಂಗ್ ಸಡಿಲವಾದರೆ ಉದ್ದ ಮುಳ್ಳು ನಡುಗುತ್ತಾ ಓಡುತ್ತದೆ. ಸೀಕೋ 6139ರಲ್ಲಿ ಜೋಡಣೆ ಮೇಲಿಂದ ಕೆಳಕ್ಕೆ, ಹಲ್ಲಿಗೆ ಹಲ್ಲು ಸೇರುವ ಕ್ರಮವಿಲ್ಲ, ಅದು ಓಡಿದರೂ ಹೆಚ್ಚೇನೂ ಇಳಿಯಬಾರದು. ಅದರ ಬಡಿತವೂ ಬೇರೆ, ಗಂಟೆಗೆ 21,600.

ಇನ್ನು ನಿಮಿಷದ ಮುಳ್ಳು. ಉದ್ದ ಮುಳ್ಳು 60 ತಲುಪುವಾಗ ಸಣ್ಣ ಮುಳ್ಳು ಒಂದು ಗೆರೆ ಹಾರಬೇಕು, ಎರಡು ಹಾರಬಾರದು, ನಡುವೆ ನಿಲ್ಲಬಾರದು. ಸಣ್ಣ ಮುಳ್ಳು ಒಂದು ಸುತ್ತು ಮುಗಿಸುವ ತನಕ ಕೂತು ನೋಡಬೇಕು, ಒಂದು ಹಲ್ಲು ಕೆಟ್ಟಿದ್ದರೆ ಆ ಹಲ್ಲಿನ ನಿಮಿಷದಲ್ಲಷ್ಟೇ ಗೊತ್ತಾಗುತ್ತದೆ. ಸುತ್ತು ಪೂರ್ತಿ ಸರಿ ಬಂದ ಮೇಲೆ ಸೊನ್ನೆಗೆ ಪದೇಪದೇ ತಂದು ನೋಡಿ.

11. ಕೊಡುವಾಗ ಹೇಳುವ ಮಾತು

ಮೊನ್ನೆ ಒಬ್ಬ ಹುಡುಗ ತಾತನ ವಾಚು ಒಯ್ಯುವಾಗ, "ಸಾರ್, ಇದನ್ನ ದಿನಾ ಕಟ್ಟಬೋದಾ?" ಎಂದ. "ಕಟ್ಟಪ್ಪ, ಬೀರುನಲ್ಲಿಟ್ರೇ ಕೆಡೋದು," ಎಂದೆ. ಅವನಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳುತ್ತೇನೆ. ಕೀ ಕೊಡುವ ವಾಚಾದರೆ ಬೆಳಿಗ್ಗೆ ಒಂದೇ ಹೊತ್ತಿಗೆ, ಕೈಯಿಂದ ಬಿಚ್ಚಿ ಕೀ ಕೊಡಿ; ಕಟ್ಟಿಕೊಂಡೇ ಕೊಟ್ಟರೆ ಕೀಯ ದಂಡ ಓರೆಯಾಗಿ ಸವೆಯುತ್ತದೆ. ಗಟ್ಟಿಯಾದಾಗ ನಿಲ್ಲಿಸಿ. ವಾರಕ್ಕೊಮ್ಮೆ ಸ್ಟಾಪ್‌ವಾಚ್ ಓಡಿಸಿ ನಿಲ್ಲಿಸಿ, ಲಿವರುಗಳು ಅಂಟಿಕೊಳ್ಳುವುದಿಲ್ಲ. ಹಲ್ಲಿಗೆ ಹಲ್ಲು ಸೇರುವ ಜೋಡಣೆಯ ವಾಚಿನಲ್ಲಿ ಅದನ್ನು ಇಡೀ ದಿನ ಓಡಲು ಬಿಡಬೇಡಿ. ಸ್ಪೀಕರ್, ಮೋಟಾರಿನ ಹತ್ತಿರ ಇಡಬೇಡಿ. ಇದ್ದಕ್ಕಿದ್ದಂತೆ ಬಹಳ ಮುಂದೆ ಓಡತೊಡಗಿದರೆ ಹೇರ್‌ಸ್ಪ್ರಿಂಗಿಗೆ ಅಯಸ್ಕಾಂತ ಹತ್ತಿರಬಹುದು. ಪಕ್ಕದಲ್ಲಿ ದಿಕ್ಸೂಚಿ ಇಟ್ಟರೆ ಅದರ ಮುಳ್ಳು ಅಲ್ಲಾಡುತ್ತದೆ. ಮ್ಯಾಗ್ನೆಟ್ ತೆಗೆಸುವುದು ನಿಮಿಷದ ಕೆಲಸ, ಅದಕ್ಕೆ ವಾಚು ಬಿಚ್ಚಬೇಕಿಲ್ಲ, ಬಿಚ್ಚಬೇಕು ಅನ್ನುವವರಿಗೆ ಕೊಡಬೇಡಿ. ಸರಿಯಾಗಿ ಓಡುತ್ತಿದ್ದರೂ ಐದು ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ, ಬರುವಾಗ ಹಳೆಯ ಚೀಟಿ ತನ್ನಿ.